ಥ್ರೌಲಿಯ ಚರ್ಚಿನಲ್ಲಿ ಶ್ರೀರಂಗಪಟ್ಟಣಕ್ಕೊಂದು ಪುಟ: ಇಂಗ್ಲೆಂಡಿನ ಕನ್ನಡಿಗರಿಗೆ ಬಹಿರಂಗ ಪತ್ರ

ಆತ್ಮೀಯ ಕನ್ನಡ ಬಂಧುಗಳೇ,

ಇಂಗ್ಲೆಂಡಿನಲ್ಲಿ, ಅದರಲ್ಲೂ ಲಂಡನ್ ಮತ್ತು ಕೆಂಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮುಂದೆ ಒಂದು ಕೋರಿಕೆಯನ್ನು ಇಡಲು ಈ ಪತ್ರ ಬರೆಯುತ್ತಿದ್ದೇನೆ. ಕೆಂಟ್ ಕೌಂಟಿಯ ಫ್ಯಾವರ್‌ಶಮ್ ಪೇಟೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದಲ್ಲಿ, ನಾರ್ತ್ ಡೌನ್ಸ್ ಎಂಬ ಸೀಮೆಸುಣ್ಣದ ಕಲ್ಲಿನ ಗುಡ್ಡಸಾಲಿನಲ್ಲಿ, ಥ್ರೌಲಿ ಎಂಬ ಪುಟ್ಟ ಪ್ಯಾರಿಷ್, ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಇದೆ. ಚದುರಿದಂತೆ ಇರುವ ಮನೆಗಳು, ಕುರಿ ಮೇಯುವ ಹುಲ್ಲುಗಾವಲು, ಹಣ್ಣಿನ ತೋಟಗಳು, ಎದುರಿಗೆ ಇನ್ನೊಂದು ಕಾರು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕಾದಷ್ಟು ಕಿರಿದಾದ ರಸ್ತೆ, ಇಷ್ಟರಲ್ಲೇ ಮುಗಿದುಹೋಗುವ ಊರು ಅದು. ಅಲ್ಲಿನ ಸೇಂಟ್ ಮೈಕೇಲ್ ಅಂಡ್ ಆಲ್ ಏಂಜಲ್ಸ್ ಚರ್ಚಿನಲ್ಲಿ ಶ್ರೀರಂಗಪಟ್ಟಣದ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಪುಟವನ್ನು ಇಡಲು ನಾವೆಲ್ಲ ಸೇರಿ ಅನುಮತಿ ಕೇಳೋಣ, ಆ ಪುಟವನ್ನು ನಾವೇ ಬರೆದುಕೊಡೋಣ ಮತ್ತು ಆ ಹಳೆಯ ಕಟ್ಟಡವನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಕೈಲಾದಷ್ಟು ಪಾಲು ಹೊರೋಣ ಎಂಬುದು ನನ್ನ ಕೋರಿಕೆ.

ಇಷ್ಟು ಊರುಗಳಿರುವಾಗ ಥ್ರೌಲಿಯೇ ಏಕೆ ಎಂದು ನೀವು ಕೇಳುವುದು ಸಹಜ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಮುರಿದ ಸೈನ್ಯದ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್ ತನ್ನ ಬದುಕಿನ ಕೊನೆಯ ಸುಮಾರು ಮೂರು ದಶಕಗಳನ್ನು ಕಳೆದದ್ದು ಇದೇ ಪ್ಯಾರಿಷ್‌ನ ಬೆಲ್ಮಾಂಟ್ ಎಂಬ ಬಂಗಲೆಯಲ್ಲಿ. 1829ರಲ್ಲಿ ಆತ ತೀರಿಕೊಂಡದ್ದೂ ಅಲ್ಲಿಯೇ. ಚರ್ಚಿನೊಳಗೆ ಜಾರ್ಜ್ ರೆನ್ನಿ ಎಂಬ ಶಿಲ್ಪಿ ಮಾಡಿದ ಆತನ ಸ್ಮಾರಕ ಪ್ರತಿಮೆ ಇದೆ. 1815ರಲ್ಲಿ ಬ್ರಿಟಿಷ್ ಸರ್ಕಾರ ಆತನಿಗೆ ಬ್ಯಾರನ್ ಪದವಿ (ವಂಶಪಾರಂಪರ್ಯವಾಗಿ ಬರುವ, ‘ಲಾರ್ಡ್’ ಎಂದು ಕರೆಸಿಕೊಳ್ಳುವ ಗೌರವ) ಕೊಟ್ಟಾಗ ಆ ಬಿರುದಿನಲ್ಲಿ ಮೂರು ಸ್ಥಳಗಳ ಹೆಸರು ಸೇರಿದವು: ಸೆರಿಂಗಪಟಂ, ಮೈಸೂರು ಮತ್ತು ಕೆಂಟ್‌ನ ಬೆಲ್ಮಾಂಟ್. ನಮ್ಮ ಊರಿನ ಹೆಸರು, ನಮ್ಮ ನಾಡಿನ ಹೆಸರು ಇಂಗ್ಲೆಂಡಿನ ಒಂದು ಮನೆತನದ ಬಿರುದಿನಲ್ಲಿ ಎರಡು ಶತಮಾನಗಳಿಂದ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದಿವೆ. ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥಸ್ವಾಮಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದ ನನಗೆ ಇಪ್ಪತ್ತೊಂದು ವರ್ಷ ಕೆಂಟ್‌ನಲ್ಲಿದ್ದೂ ಈ ವಿಷಯ ತಿಳಿದದ್ದು ಹೋದ ವರ್ಷ.

ಬೆಲ್ಮಾಂಟ್ ಹ್ಯಾರಿಸ್‌ನ ಕೈಗೆ ಬಂದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪತ್ರದ ಬೇರು ಅಲ್ಲಿದೆ. ಹ್ಯಾರಿಸ್ ಹುಟ್ಟು ಶ್ರೀಮಂತನಲ್ಲ. 1746ರಲ್ಲಿ ಕೆಂಟ್‌ನದೇ ಇನ್ನೊಂದು ಹಳ್ಳಿಯಾದ ಬ್ರಾಸ್ಟೆಡ್‌ನಲ್ಲಿ ಆತ ಹುಟ್ಟಿದ; ತಂದೆ ಅಲ್ಲಿನ ಚರ್ಚಿನ ಕಿರಿಯ ಸಭಾಪಾಲಕರಾಗಿದ್ದರು. ಸಣ್ಣ ಸಂಬಳದ ಪಾದ್ರಿಯ ಮಗ ಸೈನ್ಯ ಸೇರಿ, ಅಮೆರಿಕದ ಬಂಕರ್ ಹಿಲ್ ಕದನದಲ್ಲಿ ತಲೆಗೆ ಗಾಯ ಮಾಡಿಕೊಂಡು, ಮೂರನೆಯ ಮೈಸೂರು ಯುದ್ಧದಲ್ಲಿ ಭಾಗವಹಿಸಿ, ನಾಲ್ಕನೆಯ ಯುದ್ಧದ ಹೊತ್ತಿಗೆ ಮದರಾಸಿನ ಸೈನ್ಯದ ಮುಖ್ಯಸ್ಥನಾಗಿದ್ದ. 1799ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟ ಆ ಸೈನ್ಯ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ದಂಡನ್ನು ಎದುರಿಸಿ, ಏಪ್ರಿಲ್ ಮೊದಲ ವಾರದಲ್ಲಿ ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು. ಕೋಟೆ ಬಿದ್ದ ದಿನ ಮತ್ತು ಆ ರಾತ್ರಿ ಪಟ್ಟಣದ ಮನೆಮನೆಯನ್ನೂ ಸೈನಿಕರು ಸೂರೆ ಮಾಡಿದರು. ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತದ್ದು. ಅರಮನೆ ಮತ್ತು ಖಜಾನೆಯಲ್ಲಿ ಸಿಕ್ಕಿದ್ದನ್ನು ಅಂದಿನ ಸೈನ್ಯದ ನಿಯಮದಂತೆ ಹುದ್ದೆಗೆ ತಕ್ಕ ಹಾಗೆ ಹಂಚಲಾಯಿತು. ದಂಡನಾಯಕನ ಪಾಲು ಎಂಟರಲ್ಲಿ ಒಂದು, ಎಂದರೆ ಸುಮಾರು 1,43,000 ಪೌಂಡು. ಅದೇ ಹಂಚಿಕೆಯಲ್ಲಿ ಗೋಡೆ ಹತ್ತಿದ ಸಾಮಾನ್ಯ ಗೋರಾ ಸಿಪಾಯಿಗೆ ಬಂದದ್ದು ಸುಮಾರು 7 ಪೌಂಡು, ಈಸ್ಟ್ ಇಂಡಿಯಾ ಕಂಪನಿಯ ಭಾರತೀಯ ಸಿಪಾಯಿಗೆ ಸುಮಾರು 5 ಪೌಂಡು. ಇತ್ತ ಬೆಲ್ಮಾಂಟ್ ಬಂಗಲೆಯನ್ನು ಕಟ್ಟಿಸಿದ್ದ ಕರ್ನಲ್ ಜಾನ್ ಮಾಂಟ್ರೆಸರ್ ಸರ್ಕಾರಿ ಲೆಕ್ಕಪತ್ರದ ಆರೋಪದಲ್ಲಿ ಸಿಕ್ಕಿಬಿದ್ದು ಅದೇ 1799ರಲ್ಲಿ ಮೇಡ್‌ಸ್ಟೋನ್ ಸೆರೆಮನೆಯಲ್ಲಿ ತೀರಿಕೊಂಡಿದ್ದ. ಆತನ ಆಸ್ತಿ ಹರಾಜಿಗೆ ಬಂದಾಗ, 1801ರಲ್ಲಿ, ಹ್ಯಾರಿಸ್ ಕೊಂಡುಕೊಂಡ.

ಹೀಗೆ ಕಾವೇರಿಯ ನಡುವಿನ ಒಂದು ದ್ವೀಪದಿಂದ ಹೊರಟ ಹಣ ಕೆಂಟ್‌ನ ಗುಡ್ಡದ ಮೇಲಿನ ಒಂದು ಪ್ಯಾರಿಷ್‌ನ ಹೊಲ, ಮನೆ, ಮರಗಳಲ್ಲಿ ನೆಲೆ ನಿಂತಿತು.

ಸಂಬಂಧ ಅಲ್ಲಿಗೇ ಮುಗಿಯಲಿಲ್ಲ ಎಂಬುದು ನನ್ನನ್ನು ಇನ್ನಷ್ಟು ಯೋಚನೆಗೆ ಹಚ್ಚಿತು. ಕೋಟೆಗೆ ಲಗ್ಗೆ ಹಾಕಿದ ದಿನ ಹ್ಯಾರಿಸ್‌ನ ಮಗನೂ ಅಲ್ಲಿದ್ದ. ಎರಡನೆಯ ಬ್ಯಾರನ್ ಆದವನು ಅವನೇ. ಮೂರನೆಯ ಲಾರ್ಡ್ ಹ್ಯಾರಿಸ್ 1854ರಿಂದ 1859ರವರೆಗೆ ಮದರಾಸಿನ ಗವರ್ನರ್ ಆಗಿದ್ದರು; ಆಗ ಬಳ್ಳಾರಿ ಸೀಮೆ, ಮಂಗಳೂರು, ಕಾರವಾರ, ಕೊಳ್ಳೇಗಾಲ ಎಲ್ಲವೂ ಅವರ ಆಡಳಿತಕ್ಕೆ ಸೇರಿದ್ದವು. ನಾಲ್ಕನೆಯ ಲಾರ್ಡ್ ಹ್ಯಾರಿಸ್ ಎಂದರೆ ಕ್ರಿಕೆಟ್ ಚರಿತ್ರೆ ಓದಿದವರಿಗೆ ಗೊತ್ತಿರುವ ಹೆಸರು, ಇಂಗ್ಲೆಂಡ್ ತಂಡದ ನಾಯಕರಾಗಿದ್ದವರು. ಅವರು 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಮುಂಬಯಿ ಆಡಳಿತದಲ್ಲಿ ಕನ್ನಡಕ್ಕೆ ಸರಿಯಾದ ಸ್ಥಾನವಿಲ್ಲವೆಂದು ನೊಂದ ಹಿರಿಯರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು 1890ರ ಜುಲೈಯಲ್ಲಿ, ಎಂದರೆ ಥ್ರೌಲಿಯ ಈ ಮನೆತನದವರು ಮುಂಬಯಿಗೆ ಗವರ್ನರಾಗಿ ಬಂದ ವರ್ಷವೇ. ಮೈಸೂರು, ಬಳ್ಳಾರಿ, ಮಂಗಳೂರು, ಧಾರವಾಡ ಎಂದು ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಆ ಎಲ್ಲ ತುಂಡುಗಳನ್ನೂ ಒಂದಲ್ಲ ಒಂದು ತಲೆಮಾರಿನಲ್ಲಿ ಮುಟ್ಟಿದ ಮನೆ ಇಂಗ್ಲೆಂಡಿನಲ್ಲಿ ಬೇರೊಂದು ನನಗೆ ಗೊತ್ತಿಲ್ಲ.

ಹೋದ ವರ್ಷ ಮೇ ತಿಂಗಳಿನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಫ್ಯಾವರ್‌ಶಮ್‌ನಲ್ಲಿ ರೈಲಿನಿಂದ ಇಳಿದು ಟ್ಯಾಕ್ಸಿ ಹಿಡಿದೆ. ದಾರಿಯಲ್ಲಿ ಹಾಪ್ ಒಣಗಿಸುವ ಹಳೆಯ ಗೂಡುಗಳು, ಬಿಳಿಯ ಕೊಕ್ಕಿನಂಥ ತುದಿಯನ್ನು ಗಾಳಿಗೆ ತಿರುಗಿಸಿಕೊಂಡು ನಿಂತಿರುವ ಗೋಪುರಗಳು ಕಾಣಿಸಿದವು. ಚರ್ಚಿನ ಗೋಡೆ ಫ್ಲಿಂಟ್ ಎಂಬ ಗಾಜಿನಂತೆ ಒಡೆಯುವ ಕಲ್ಲಿನದು. ಮಳೆ ಹನಿದು ನಿಂತಿದ್ದ ಹೊತ್ತಾದ್ದರಿಂದ ಆ ಕಪ್ಪು ಕಲ್ಲುಗಳು ಒಂದೊಂದೂ ಬೇರೆ ಬೇರೆಯಾಗಿ ಹೊಳೆಯುತ್ತಿದ್ದವು. ಒಳಗೆ ಸಾಂಡ್ಸ್ ಎಂಬ ಹಳೆಯ ಮನೆತನದವರ ಸಮಾಧಿಗಳು, ಮಂಡಿಯೂರಿದ ಶಿಲಾಮೂರ್ತಿಗಳು. ಮತ್ತೆ ಆ ಜನರಲ್. ಅವನ ಮುಂದೆ ನಿಂತಾಗ ನನಗೆ ಕೋಪ ಬರುತ್ತದೆ ಎಂದುಕೊಂಡು ಹೋಗಿದ್ದೆ. ಬಂದದ್ದು ನಮ್ಮ ಹಿತ್ತಲ ಬಾಗಿಲಿನ ನೆನಪು. ನಮ್ಮ ಮನೆಯಲ್ಲಿ ತೆಂಗಿನ ಸಸಿಗೆ ಗುಂಡಿ ತೋಡುವಾಗ ಸಿಕ್ಕಿದ ಒಂದು ಕಬ್ಬಿಣದ ಗುಂಡು ಇತ್ತು, ದೊಡ್ಡ ಕಿತ್ತಳೆ ಹಣ್ಣಿನಷ್ಟು. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಜ್ಜಿ ಅದನ್ನು ಕದಕ್ಕೆ ಆನಿಸಿ ಇಡುತ್ತಿದ್ದರು. ಮಳೆಗಾಲದಲ್ಲಿ ಅದು ಕೂತ ಕಡೆ ಹೊಸ್ತಿಲ ಕಲ್ಲಿನ ಮೇಲೆ ದುಂಡನೆಯ ಕೆಂಪು ತುಕ್ಕಿನ ಗುರುತು ಮೂಡುತ್ತಿತ್ತು, ಶುಕ್ರವಾರ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು, ಎರಡು ದಿನಕ್ಕೆ ಮತ್ತೆ ಮೂಡುತ್ತಿತ್ತು. ಅದು ಯಾರ ತೋಪಿನಿಂದ ಬಂತು, ಯಾರ ಮನೆಯ ಮೇಲೆ ಬಿತ್ತು ಎಂದು ನಾವು ಯಾರೂ ಕೇಳಿರಲಿಲ್ಲ.

ಚರ್ಚಿನಲ್ಲಿ ಆಗ ಒಬ್ಬ ಹಿರಿಯ ಹೆಂಗಸು ಭಾನುವಾರದ ಪ್ರಾರ್ಥನೆಗಾಗಿ ಹೂ ಜೋಡಿಸುತ್ತಿದ್ದರು. ನಾನು ಬಹಳ ಹೊತ್ತು ನಿಂತಿದ್ದನ್ನು ನೋಡಿ ಹತ್ತಿರ ಬಂದು ಮಾತಾಡಿಸಿದರು. ಸೆರಿಂಗಪಟಂ ನನ್ನ ಹುಟ್ಟೂರು ಎಂದಾಗ ಅವರಿಗೆ ತುಂಬ ಆಶ್ಚರ್ಯವಾಯಿತು. ಅದು ಹಳೆಯ ಕಾಲದ ಒಂದು ಯುದ್ಧದ ಹೆಸರು ಎಂದೇ ಅವರು ತಿಳಿದುಕೊಂಡಿದ್ದರು, ಈಗಲೂ ಜನ ಇರುವ ಊರು ಎಂದು ಯೋಚಿಸಿರಲಿಲ್ಲವಂತೆ. ಅಲ್ಲಿಗೆ ರೈಲು ಹೋಗುತ್ತದೆಯೇ ಎಂದು ಕೇಳಿದರು. ಬೆಂಗಳೂರು–ಮೈಸೂರು ರೈಲು ಕೋಟೆಯ ಒಳಗಿಂದಲೇ ಹಾದುಹೋಗುತ್ತದೆ, ಜೋಡಿ ಹಳಿ ಹಾಕಲು ಜಾಗ ಬೇಕಾದಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಒಡೆಯದೆ 2017ರಲ್ಲಿ ಇಡಿಯಾಗಿ ಎತ್ತಿ ನೂರಾರು ಅಡಿ ಪಕ್ಕಕ್ಕೆ ಸರಿಸಿದರು ಎಂದು ಹೇಳಿದೆ. ಅವರು ಕತ್ತರಿಯನ್ನು ಕೆಳಗಿಟ್ಟು ಕೂತು ಕೇಳಿದರು. ದೇವಸ್ಥಾನ ಎಷ್ಟು ದೊಡ್ಡದು, ನದಿಯಲ್ಲಿ ವರ್ಷವಿಡೀ ನೀರಿರುತ್ತದೆಯೇ, ಅಲ್ಲಿನವರು ಏನು ಬೆಳೆಯುತ್ತಾರೆ ಎಂದೆಲ್ಲ ಕೇಳಿದರು. ಭತ್ತ, ಕಬ್ಬು ಎಂದೆ. ಗಂಜಾಂ ಅಂಜೂರದ ಮಾತೂ ಬಂತು. ಹೊರಡುವಾಗ ಸಂದರ್ಶಕರ ಪುಸ್ತಕವನ್ನು ನನ್ನ ಮುಂದಿಟ್ಟರು. ಅದರಲ್ಲಿ ಕನ್ನಡ ಲಿಪಿಯಲ್ಲಿ ‘ಶ್ರೀರಂಗಪಟ್ಟಣ’ ಎಂದು ಬರೆದು ಬಂದೆ. ಆ ಆರಕ್ಷರದ ಹೆಸರನ್ನು ಅವರು ಬೆರಳಿನಲ್ಲಿ ಮುಟ್ಟಿ, ಇದನ್ನು ಹೇಗೆ ಹೇಳಬೇಕು ಎಂದು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಈ ಪತ್ರವನ್ನು ಬರೆಯಬೇಕೆಂದು ನನಗೆ ಅನಿಸಿದ್ದು ಆಗ.

ಇಂಗ್ಲೆಂಡಿನ ಹಳ್ಳಿಯ ಪ್ಯಾರಿಷ್ ಎಂದರೇನು ಎಂಬುದು ನಮ್ಮಲ್ಲಿ ಅನೇಕರಿಗೆ ಸ್ಪಷ್ಟವಾಗಿ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಕ್ಯಾಥೊಲಿಕ್ ಬಂಧುಗಳು ಕನ್ನಡದಲ್ಲಿ ಧರ್ಮಕೇಂದ್ರ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ, ಆದರೆ ಇಲ್ಲಿ ಅದು ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿದ ಒಂದು ನೆಲವೂ ಹೌದು. ಆ ಗೆರೆಯೊಳಗೆ ವಾಸವಾಗಿರುವ ಪ್ರತಿಯೊಬ್ಬರೂ, ಅವರ ನಂಬಿಕೆ ಏನೇ ಇರಲಿ, ಪ್ಯಾರಿಷ್‌ಗೆ ಸೇರಿದವರು. ಸ್ಮಶಾನದಲ್ಲಿ ಜಾಗ ಉಳಿದಿರುವವರೆಗೆ ಅಲ್ಲಿ ಮಣ್ಣಾಗುವ ಹಕ್ಕು ಅವರೆಲ್ಲರಿಗೂ ಉಂಟು. 1538ರಲ್ಲಿ ಬಂದ ಆಜ್ಞೆಯಂತೆ ಹುಟ್ಟಿದವರ ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ಪ್ಯಾರಿಷ್‌ಗಳು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತ ಬಂದವು. 1894ರ ಕಾನೂನಿನ ನಂತರ ಊರಿನ ಲೌಕಿಕ ಕೆಲಸಗಳು ಚುನಾಯಿತ ಪ್ಯಾರಿಷ್ ಕೌನ್ಸಿಲಿಗೆ ಹೋದವು, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ; ಚರ್ಚಿನ ಕೆಲಸ ಚರ್ಚಿನ ಬಳಿಯೇ ಉಳಿಯಿತು. ಚರ್ಚನ್ನು ನಡೆಸುವುದು ಸಭಾಪಾಲಕರು, ಕಟ್ಟಡ ಮತ್ತು ಆಸ್ತಿಯ ಹೊಣೆ ಹೊತ್ತ ಚರ್ಚ್‌ವಾರ್ಡನ್ನರು ಮತ್ತು ಊರಿನವರೇ ಇರುವ ಒಂದು ಸಣ್ಣ ಚರ್ಚ್ ಸಮಿತಿ.

ಈ ಸಮಿತಿಗಳ ಕಷ್ಟವನ್ನು ನಾವು ಅರ್ಥಮಾಡಿಕೊಳ್ಳಬೇಕು. ದೂರದಿಂದ ನೋಡುವವರಿಗೆ ಇಂಗ್ಲೆಂಡಿನ ಹಳ್ಳಿಯ ಚರ್ಚ್ ಎಂದರೆ ಸಂಪತ್ತಿನ, ಅಧಿಕಾರದ ಗುರುತಿನಂತೆ ಕಾಣುತ್ತದೆ. ಹತ್ತಿರ ಹೋದರೆ ಕಾಣುವುದೇ ಬೇರೆ. ಒಬ್ಬರೇ ಸಭಾಪಾಲಕರು ನಾಲ್ಕೈದು, ಕೆಲವು ಕಡೆ ಇನ್ನೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಾರೆ. ಭಾನುವಾರದ ಪ್ರಾರ್ಥನೆಗೆ ಬರುವವರು ಹತ್ತೋ ಹದಿನೈದೋ ಮಂದಿ, ಹೆಚ್ಚಿನವರು ವಯಸ್ಸಾದವರು. ಕಟ್ಟಡ ನೋಡಿದರೆ ಎಂಟುನೂರು ವರ್ಷ ಹಳೆಯದು, ಕಾನೂನಿನ ರಕ್ಷಣೆಯಲ್ಲಿರುವಂಥದ್ದು. ಒಂದು ಹೆಂಚು ಬದಲಿಸಬೇಕಾದರೂ ನಿಯಮದಂತೆ ಬದಲಿಸಬೇಕು, ಬಲ್ಲ ಕುಶಲಕರ್ಮಿಗಳಿಂದ ಮಾಡಿಸಬೇಕು. ಮಾಡಿನ ಸೀಸದ ತಗಡನ್ನು ರಾತ್ರೋರಾತ್ರಿ ಕಳ್ಳರು ಕಿತ್ತೊಯ್ದು ಒಳಗೆ ಮಳೆ ಸುರಿದ ಕಥೆಯನ್ನು ನಮ್ಮ ಮನೆಯ ಹತ್ತಿರದ ಹಳ್ಳಿಯೊಂದರಲ್ಲೇ ಕೇಳಿದ್ದೇನೆ. ಅಂಥ ಚರ್ಚುಗಳ ಬಾಗಿಲನ್ನು ಬೆಳಿಗ್ಗೆ ತೆಗೆದು ಸಂಜೆ ಹಾಕುವುದು, ಹುಲ್ಲು ಕತ್ತರಿಸುವುದು, ಬಾವಲಿಯ ಹಿಕ್ಕೆ ಗುಡಿಸುವುದು, ದುರಸ್ತಿಗೆ ಹಣ ಕೂಡಿಸಲು ಕೇಕು ಮಾರುವುದು ಎಲ್ಲವೂ ಸಂಬಳವಿಲ್ಲದ ಊರಿನವರ ಕೆಲಸ. 1799ರ ಕೊಳ್ಳೆಯ ಲೆಕ್ಕವನ್ನು ಈ ಜನರ ಮುಂದೆ ಬಿಚ್ಚಿಟ್ಟು ಜವಾಬು ಕೇಳುವುದು ನ್ಯಾಯವಲ್ಲ. ಅವರ ಬಳಿ ನಾವು ಹೋಗಬೇಕಾದದ್ದು, ಒಂದೇ ಕಥೆಯ ಇನ್ನೊಂದು ತುದಿಯಿಂದ ಬಂದವರಾಗಿ.

ಈ ಮಾತನ್ನು ಹೇಳುವ ಧೈರ್ಯ ನನಗೆ ಬಂದದ್ದು ನಮ್ಮ ಊರು ಏನು ಮಾಡಿದೆ ಎಂಬುದನ್ನು ನೆನೆದಾಗ. ಶ್ರೀರಂಗಪಟ್ಟಣದಲ್ಲಿ ಅವರ ಕಲ್ಲುಗಳು ಎಷ್ಟಿವೆ ಎಂದು ಎಣಿಸಿ ನೋಡಿ. ಕೋಟೆಗೋಡೆ ಒಡೆದ ಜಾಗದಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಎತ್ತರದ ಕಂಬ ಇದೆ, ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರುಗಳು ಅದರ ಮೇಲಿವೆ. 1780ರಲ್ಲಿ ಪೊಳ್ಳಿಲೂರಿನ ಕದನದಲ್ಲಿ ಸೆರೆಸಿಕ್ಕಿ 1782ರಲ್ಲಿ ನಮ್ಮ ಊರಿನಲ್ಲೇ ತೀರಿಕೊಂಡ ಕರ್ನಲ್ ಬೈಲಿಯ ಸ್ಮಾರಕ ಗುಂಬಜ್‌ನ ಹತ್ತಿರವೇ ಇದೆ. 1816ರಲ್ಲಿ ಆತನ ಬಂಧುವೊಬ್ಬ ಕಟ್ಟಿಸಿದ್ದು. ಆ ಸೆರೆಯಾಳಿನ ಸ್ಮಾರಕದ ಪಕ್ಕದಲ್ಲೇ ಟಿಪ್ಪು ತಂದೆತಾಯಿಯರ ಜೊತೆ ಮಲಗಿದ್ದಾನೆ, ಎರಡಕ್ಕೂ ಒಂದೇ ಗಾಳಿ. ಕಾವೇರಿಯ ದಡದಲ್ಲಿ ಗ್ಯಾರಿಸನ್ ಸ್ಮಶಾನವಿದೆ. ಬ್ರಿಟಿಷರ ಸಂಬಳಕ್ಕೆ ದುಡಿದ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರು, ಅವರ ಹೆಂಡಂದಿರು, ಎಳೆಯ ಮಕ್ಕಳು ಎಂದು ಮುನ್ನೂರಷ್ಟು ಸಮಾಧಿಗಳು. ಯುದ್ಧ ಮುಗಿದ ಮೇಲೆ ಅಲ್ಲಿ ಬೀಡುಬಿಟ್ಟ ದಂಡನ್ನು ಜ್ವರ ತಿಂದುಹಾಕಿತು, 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಹೋಯಿತು, ಸಮಾಧಿಗಳು ಉಳಿದವು. ಹದಿನೈದಿಪ್ಪತ್ತು ವರ್ಷಗಳ ಹಿಂದೆ ಡಿ ಮ್ಯೂರಾನ್ ವಂಶದವರೇ ಮುಂದೆ ಬಂದು ಅವುಗಳನ್ನು ದುರಸ್ತಿ ಮಾಡಿಸಿದರು. ಚಿಕ್ಕಂದಿನಲ್ಲಿ ನಾವು ಆ ಗಿಡಗಂಟಿಯ ನಡುವೆ ಓಡಾಡುವಾಗ, ಎರಡು ವರ್ಷದ ಮಗುವಿನ ಸಮಾಧಿಯ ಮೇಲೆ ಕಾಲಿಟ್ಟರೆ ಅಜ್ಜಿ ಬೈಯುತ್ತಿದ್ದರು. ಯಾರ ಮಗುವೋ, ತಾಯಿ ಎಲ್ಲಿದ್ದಾಳೋ ಎನ್ನುತ್ತಿದ್ದರು. ಅವರ ಸತ್ತವರ ಹೆಸರನ್ನು ನಮ್ಮ ಊರಿನಲ್ಲಿ ಇವತ್ತಿಗೂ ಓದಬಹುದು. ನಮ್ಮ ಸತ್ತವರ ಹೆಸರುಗಳು ಎಲ್ಲಿಯೂ ಬರೆದಿಲ್ಲ. ಬರೆಯಲು ಯಾರಿಗೂ ತಿಳಿಯದು. ಹಾಗಾಗಿಯೇ ಕನಿಷ್ಠ ಊರಿನ ಹೆಸರಾದರೂ ಸರಿಯಾಗಿ, ನಮ್ಮ ಅಕ್ಷರದಲ್ಲಿ, ಆ ಪ್ರತಿಮೆಯಿರುವ ಚಾವಣಿಯ ಕೆಳಗೆ ಇರಬೇಕೆಂದು ನಾನು ಬಯಸುತ್ತೇನೆ.

ಈ ವಿಚಾರವನ್ನು ಕೆಲವು ಸ್ನೇಹಿತರ ಮುಂದೆ ಇಟ್ಟಾಗ ಎರಡು ಬಗೆಯ ಆಕ್ಷೇಪಗಳು ಬಂದವು. ಪ್ರತಿಮೆಯನ್ನೇ ತೆಗೆಸಬೇಕು, ಪುಟವನ್ನಿಟ್ಟು ಸಮಾಧಾನಪಡುವುದು ಸಣ್ಣತನ ಎಂದರು ಕೆಲವರು. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಅದು ಊರಿನ ಚೌಕದಲ್ಲಿ ಎತ್ತಿ ನಿಲ್ಲಿಸಿದ ಪ್ರತಿಮೆಯಲ್ಲ, ಒಬ್ಬ ಸತ್ತ ಮನುಷ್ಯನ ನೆನಪಿಗೆ ಅವನ ಪ್ರಾರ್ಥನಾಮಂದಿರದಲ್ಲಿ ಇಟ್ಟದ್ದು. ಅದನ್ನು ತೆಗೆದರೆ ಥ್ರೌಲಿಗೂ ಶ್ರೀರಂಗಪಟ್ಟಣಕ್ಕೂ ಇರುವ ಸಂಬಂಧ ಕಣ್ಣಿಗೆ ಕಾಣದಂತಾಗುತ್ತದೆ, ಕೊಳ್ಳೆ ಹೋದದ್ದೇನೂ ಮರಳಿ ಬರುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡ್ 2021ರಲ್ಲಿ ಇಂಥ ವಿವಾದಿತ ಸ್ಮಾರಕಗಳ ಬಗ್ಗೆ ಮಾರ್ಗಸೂಚಿಯನ್ನು ಹೊರಡಿಸಿದೆ; ಸ್ಮಾರಕದ ಹಿನ್ನೆಲೆಯನ್ನು ತಿಳಿಸುವ ವಿವರಣೆಯನ್ನು ಒದಗಿಸುವುದು ಅದು ತೋರಿಸುವ ದಾರಿಗಳಲ್ಲಿ ಒಂದು. ನಾವು ಕೇಳುತ್ತಿರುವುದು ಅವರ ನಿಯಮಗಳಿಗೆ ಹೊರತಾದದ್ದೇನಲ್ಲ.

ಇನ್ನು ಕೆಲವರು, ಟಿಪ್ಪುವಿನ ವಿಷಯ ನಮ್ಮಲ್ಲೇ ಬೆಂಕಿಯಂಥದ್ದು, ಅದನ್ನು ಸಮುದ್ರ ದಾಟಿಸಿ ಇಲ್ಲಿಗೇಕೆ ತರುತ್ತೀರಿ ಎಂದರು. ಈ ಮಾತಿಗೆ ತೂಕವಿದೆ. ಕೊಡವರು ಹೇಳಿಕೊಳ್ಳುವ ನೋವು, ದೀಪಾವಳಿ ಆಚರಿಸದ ಮೇಲುಕೋಟೆಯ ಮನೆಗಳ ನೆನಪು, ಇವುಗಳನ್ನು ನಾನು ತಳ್ಳಿಹಾಕುವುದಿಲ್ಲ. ಅವನನ್ನು ಕಂಪನಿಯ ವಿರುದ್ಧ ಹೋರಾಡಿ ಕೋಟೆಬಾಗಿಲಲ್ಲೇ ಪ್ರಾಣಬಿಟ್ಟ ದೊರೆಯೆಂದು ಗೌರವಿಸುವವರ ಭಾವನೆಯನ್ನೂ ತಳ್ಳಿಹಾಕುವುದಿಲ್ಲ. ಆದ್ದರಿಂದಲೇ ಆ ಪುಟ ಊರಿನ ಬಗ್ಗೆ ಇರಲಿ, ದೊರೆಯ ಬಗ್ಗೆ ಬೇಡ ಎಂಬುದು ನನ್ನ ಸಲಹೆ. ಶ್ರೀರಂಗಪಟ್ಟಣ ಟಿಪ್ಪುವಿಗಿಂತ ಬಹಳ ಹಳೆಯದು. 1610ರಲ್ಲಿ ರಾಜ ಒಡೆಯರು ಅದನ್ನು ರಾಜಧಾನಿಯಾಗಿ ಮಾಡಿಕೊಳ್ಳುವ ಮೊದಲೇ ಅಲ್ಲಿ ರಂಗನಾಥನಿದ್ದ, ಅಗ್ರಹಾರಗಳಿದ್ದವು, ಬೆಸ್ತರಿದ್ದರು, ನೇಯುವವರಿದ್ದರು. 1800ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್, ದ್ವೀಪದಲ್ಲಿ ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬಹುದೆಂದೂ ತಾನು ನೋಡುವಾಗ ಉಳಿದದ್ದು ಸುಮಾರು 32,000 ಎಂದೂ ಅಂದಾಜು ಮಾಡಿದ. ಒಂದೇ ವರ್ಷದಲ್ಲಿ ಖಾಲಿಯಾದ ಆ ಮನೆಗಳಲ್ಲಿ ಎಲ್ಲ ಜಾತಿ, ಎಲ್ಲ ಮತದವರೂ ಇದ್ದರು. ಅವರ ಬಗ್ಗೆ ನಮ್ಮಲ್ಲಿ ಎರಡು ಮಾತು ಇರಲಾರದು.

ಪುಟದ ಕರಡನ್ನು ನಾನು ಹೀಗೆ ಬರೆದುಕೊಂಡಿದ್ದೇನೆ:

“ಈ ಚರ್ಚಿನಲ್ಲಿ ಸ್ಮಾರಕವಿರುವ ಜನರಲ್ ಹ್ಯಾರಿಸ್ ಅವರ ಬಿರುದಿನಲ್ಲಿ ಬರುವ ಸೆರಿಂಗಪಟಂನ ನಿಜವಾದ ಹೆಸರು ಶ್ರೀರಂಗಪಟ್ಟಣ. ಅದು ದಕ್ಷಿಣ ಭಾರತದ ಕರ್ನಾಟಕ ರಾಜ್ಯದಲ್ಲಿ, ಕಾವೇರಿ ನದಿಯ ಎರಡು ಕವಲುಗಳ ನಡುವಿನ ದ್ವೀಪದಲ್ಲಿರುವ ಊರು. ಅಲ್ಲಿನ ಜನರ ಮಾತು ಕನ್ನಡ. ಊರಿಗೆ ಹೆಸರು ಬಂದದ್ದು ಶ್ರೀರಂಗನಾಥನ ಪುರಾತನ ದೇವಾಲಯದಿಂದ. 1799ರ ಮೇ 4ರಂದು ಜನರಲ್ ಹ್ಯಾರಿಸ್ ಅವರ ಸೈನ್ಯ ಕೋಟೆಯನ್ನು ಗೆದ್ದುಕೊಂಡಿತು. ಮೈಸೂರಿನ ಸುಲ್ತಾನ ಟಿಪ್ಪುವೂ ಸಾವಿರಾರು ಸೈನಿಕರೂ ಸತ್ತರು, ಪಟ್ಟಣ ಸೂರೆಹೋಯಿತು. ಅಲ್ಲಿಂದ ಬಂದ ಸಂಪತ್ತಿನ ಒಂದು ಪಾಲು ಈ ಪ್ಯಾರಿಷ್‌ಗೆ ತಲುಪಿತು. ಮುತ್ತಿಗೆಯಲ್ಲಿ ಮತ್ತು ಅನಂತರ ಜ್ವರದಿಂದ ಸತ್ತ ಬ್ರಿಟಿಷರ ಹಾಗೂ ಯೂರೋಪಿನವರ ಸಮಾಧಿಗಳು ಇಂದಿಗೂ ಶ್ರೀರಂಗಪಟ್ಟಣದಲ್ಲಿವೆ. ನೋಡಲು ಬರುವವರಿಗೆ ಊರಿನವರು ದಾರಿ ತೋರಿಸುತ್ತಾರೆ. ದೇವಾಲಯದಲ್ಲಿ ಪೂಜೆ ಈಗಲೂ ನಡೆಯುತ್ತಿದೆ.”

ಇದು ಕೊನೆಯ ರೂಪವಲ್ಲ. ಚರಿತ್ರೆ ಓದಿದವರು, ಕನ್ನಡವನ್ನು ನನಗಿಂತ ಚೆನ್ನಾಗಿ ಬರೆಯುವವರು ತಿದ್ದಬೇಕು. ‘ಸಂಪತ್ತಿನ ಒಂದು ಪಾಲು ಈ ಪ್ಯಾರಿಷ್‌ಗೆ ತಲುಪಿತು’ ಎಂಬ ವಾಕ್ಯವನ್ನು ಬಿಡಬೇಕೆಂದು ಒಬ್ಬರು ಹೇಳಿದರು. ಅದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ, ಆದರೆ ಅದಕ್ಕಿಂತ ಗಟ್ಟಿಯಾದ ಮಾತೂ ಬೇಡ. ಇಂಗ್ಲಿಷ್ ಪಾಠವನ್ನು ಕನ್ನಡದಿಂದಲೇ ಮಾಡಬೇಕು ಮತ್ತು ಕನ್ನಡ ಪುಟದ ಮೇಲ್ಭಾಗದಲ್ಲಿರಬೇಕು.

ಮಾಡುವ ಬಗೆಯನ್ನೂ ವಿಚಾರಿಸಿದ್ದೇನೆ. ಚರ್ಚಿನ ಗೋಡೆಗೆ ಫಲಕವೊಂದನ್ನು ಕಾಯಂ ಆಗಿ ಜಡಿಯಬೇಕಾದರೆ ಧರ್ಮಪ್ರಾಂತದ ನ್ಯಾಯಾಲಯದಿಂದ ವಿಧಿವತ್ತಾದ ಪರವಾನಗಿ ಬೇಕು. ಅದಕ್ಕೆ ಸಮಯವೂ ಖರ್ಚೂ ಹಿಡಿಯುತ್ತದೆ, ಆ ಓಡಾಟವೆಲ್ಲ ಚರ್ಚ್‌ವಾರ್ಡನ್ನರ ತಲೆಯ ಮೇಲೆ ಬೀಳುತ್ತದೆ. ಬಾಗಿಲ ಬಳಿಯ ಮೇಜಿನ ಮೇಲೆ ಇಡುವ ಒಂದು ಮುದ್ರಿತ ಪುಟಕ್ಕೆ ಇಷ್ಟೆಲ್ಲ ಬೇಕಿಲ್ಲ, ಸಭಾಪಾಲಕರೂ ಚರ್ಚ್ ಸಮಿತಿಯೂ ಒಪ್ಪಿದರೆ ಸಾಕು. ಮೊದಲು ಅಷ್ಟನ್ನೇ ಕೇಳೋಣ. ಅವರು ಬೇಡವೆಂದರೆ ವಂದನೆ ಹೇಳಿ ಬರೋಣ. ಅವರ ಮೇಲೆ ಅಂತರ್ಜಾಲದಲ್ಲಿ ಕೂಗಾಡುವುದು, ಮನವಿಗೆ ಸಾವಿರಾರು ಸಹಿ ಹಾಕಿಸಿ ಬೆದರಿಸುವುದು ನಮ್ಮಿಂದ ಆಗಕೂಡದು.

ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗುವುದು ನಮ್ಮ ಪದ್ಧತಿಯಲ್ಲ. ಯಾವ ಊರಿನ ಗುಡಿಗೆ ಹೋದರೂ ಹುಂಡಿಗೆ ಕಾಸು ಹಾಕುವ ನಾವು ಈ ಚರ್ಚಿನ ದುರಸ್ತಿ ನಿಧಿಗೂ ಹಾಕಬಹುದು, ಪುಟಕ್ಕೆ ಅನುಮತಿ ಸಿಕ್ಕರೂ ಸಿಗದಿದ್ದರೂ. ಕೈಯಲ್ಲಿ ಬಲವಿರುವವರು ವರ್ಷಕ್ಕೆ ಒಂದೆರಡು ಶನಿವಾರ ಸ್ಮಶಾನದ ಹುಲ್ಲು ಕತ್ತರಿಸಲು ಹೋಗಬಹುದು. ಹಿಂದೂಗಳು, ಮುಸ್ಲಿಮರು ಒಳಗೆ ಹೋಗಬಹುದೇ ಎಂಬ ಅಳುಕು ಬೇಡ. ಬಾಗಿಲು ತೆರೆದಿದ್ದರೆ ಯಾರು ಬೇಕಾದರೂ ಹೋಗಿ ಕೂರಬಹುದು. ಚಪ್ಪಲಿ ಬಿಡುವ ರೂಢಿಯಿಲ್ಲ, ಆದರೆ ಗದ್ದೆಯ ದಾರಿಯಲ್ಲಿ ನಡೆದು ಬಂದವರು ಕೆಸರಾದ ಬೂಟನ್ನು ಹೊರಗಿನ ಜಗುಲಿಯಲ್ಲೇ ಬಿಡುವುದನ್ನು ನೋಡಿದ್ದೇನೆ. ಬೆಲ್ಮಾಂಟ್ ಬಂಗಲೆಯನ್ನು ಈಗ ಒಂದು ಧರ್ಮಾರ್ಥ ಸಂಸ್ಥೆ ನೋಡಿಕೊಳ್ಳುತ್ತಿದ್ದು, ಗೊತ್ತಾದ ದಿನಗಳಲ್ಲಿ ಜನರಿಗೆ ತೆರೆದಿರುತ್ತದೆ. ಐದನೆಯ ಲಾರ್ಡ್ ಹ್ಯಾರಿಸ್ ಕೂಡಿಸಿದ ಮುನ್ನೂರಕ್ಕೂ ಮಿಕ್ಕಿದ ಗಡಿಯಾರಗಳು ಅಲ್ಲಿವೆ, ಮಕ್ಕಳನ್ನು ಕರೆದುಕೊಂಡು ಹೋದರೆ ಖುಷಿಪಡುತ್ತಾರೆ.

ಬರುವ ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಫ್ಯಾವರ್‌ಶಮ್‌ಗೆ ಹೋಗುವ ರೈಲಿನಲ್ಲಿ ನಾನು ಹೊರಡುತ್ತೇನೆ. ಚರ್ಚಿನವರಿಗೆ ಮುಂಚಿತವಾಗಿ ಕಾಗದ ಬರೆದು, ಎಷ್ಟು ಜನ ಬರಬಹುದು, ಯಾವ ಹೊತ್ತಿಗೆ ಬಂದರೆ ಅನುಕೂಲ ಎಂದು ಕೇಳಿಕೊಳ್ಳುತ್ತೇನೆ. ಹಾಗಾಗಿ ಬರುವವರು ಏಪ್ರಿಲ್ ಮಧ್ಯದೊಳಗೆ ತಮ್ಮ ತಮ್ಮ ಕನ್ನಡ ಸಂಘದ ಮೂಲಕ ತಿಳಿಸಬೇಕಾಗಿ ವಿನಂತಿ. ಹತ್ತು ಜನರಿಗಿಂತ ಹೆಚ್ಚಾದರೆ ಎರಡು ಬಾರಿಯಾಗಿ ಹೋಗೋಣ, ಆ ಸಣ್ಣ ರಸ್ತೆಗೆ ನಮ್ಮ ಕಾರುಗಳ ಸಾಲು ಹೊರೆಯಾಗಬಾರದು. ಹೂ ಜೋಡಿಸುತ್ತಿದ್ದ ಆ ಹಿರಿಯರಿಗೆ ರಂಗನಾಥಸ್ವಾಮಿ ದೇವಸ್ಥಾನದ ಒಂದು ಫೋಟೋ ತಂದುಕೊಡುತ್ತೇನೆಂದು ಹೇಳಿ ಬಂದಿದ್ದೆ. ಊರಿನಿಂದ ತಮ್ಮ ಕಳಿಸಿದ್ದಾನೆ. ಗೋಪುರದ ಜೊತೆಗೆ, ಅವರು ಕೇಳಿದ್ದರಲ್ಲ ಎಂದು, ಕೋಟೆಯೊಳಗೆ ರೈಲು ಬರುತ್ತಿರುವುದನ್ನೂ ಒಂದು ತೆಗೆದಿದ್ದಾನೆ.

ಇತಿ ನಿಮ್ಮ ವಿಶ್ವಾಸಿ,
ಶ್ರೀರಂಗಪಟ್ಟಣ ಕೋಟೆಯವಳು, ಸದ್ಯ ಕೆಂಟ್ ನಿವಾಸಿ